ಅಜ್ಜಿಯ ಮಾತ್ರೆ ಬಗ್ಗೆ ಮಗಳಿಗೊಂದು ಪತ್ರ

ಕೂಸೆ,

ಮೊನ್ನೆ ಫೋನಲ್ಲಿ ಕೇಳಿದ್ಯಲ್ಲ, ಅಜ್ಜಿ ದಿನಾ ಅಂಗಳದ ಬಿಸಿಲಲ್ಲೇ ಕೂತು ಅಡಿಕೆ ತಿರುವಿ ಹಾಕ್ತಾರೆ, ಆದ್ರೂ ಡಾಕ್ಟ್ರು ವಿಟಮಿನ್ ಡಿ ಮಾತ್ರೆ ಯಾಕೆ ಬರೆದ್ರು ಅಂತ. ಶಿರಸಿ ಬಿಸಿಲಿಗೇನೂ ಬರ ಇಲ್ಲ ಬಿಡು, ತೊಂದ್ರೆ ಇರೋದು ನೀ ಈಗ ಓದ್ತಾ ಇರೋ ಹೈಡ್ರಾಕ್ಸಿಲೇಸಲ್ಲಿ, ಅದೇ ಬೇರೆ ಅಣುಗಳಿಗೆ ಓಎಚ್ (ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ ಜೋಡಿ) ಅಂಟಿಸೋ ಎಂಜೈಮಲ್ಲಿ.

ಬಿಸಿಲು ಬಿದ್ದು ಚರ್ಮದಲ್ಲಿ ಆಗೋ ಡಿ ಇದ್ಯಲ್ಲ, ಅದು ಹಾಗೇ ಕೆಲ್ಸಕ್ಕೆ ಬರಲ್ಲ. ಮೊದ್ಲು ಲಿವರಲ್ಲಿ ಒಂದು ಹೈಡ್ರಾಕ್ಸಿಲೇಸ್ ಅದರ 25ನೇ ಕಾರ್ಬನ್ನಿಗೆ ಒಂದು ಓಎಚ್ ಕೂರಿಸ್ಬೇಕು, ಆಮೇಲೆ ಕಿಡ್ನಿಲಿ ಇನ್ನೊಂದು ಹೈಡ್ರಾಕ್ಸಿಲೇಸ್ 1ನೇ ಕಾರ್ಬನ್ನಿಗೆ ಮತ್ತೊಂದು ಕೂರಿಸ್ಬೇಕು, ಆಗ್ಲೇ ಅದು ಕ್ಯಾಲ್ಸಿಟ್ರಿಯಾಲ್, ಅಂದ್ರೆ ಕೆಲ್ಸ ಮಾಡೋ ಡಿ ಆಗೋದು, ಕರುಳು ಊಟದಲ್ಲಿರೋ ಕ್ಯಾಲ್ಸಿಯಂನ ಸರಿಯಾಗಿ ಎಳ್ಕೊಳ್ಳೋದು. ಆ ಓಎಚ್‌ನ ಆಕ್ಸಿಜನ್ ನೀರಿಂದ ಬರೋದಲ್ಲ ಮತ್ತೆ, ಉಸಿರಾಡೋ ಗಾಳಿದು. ಎಂಜೈಮ್ ಒಳಗಿರೋ ಕಬ್ಬಿಣ ಆಕ್ಸಿಜನ್ ಜೋಡಿನ ಬಿಡಿಸಿ ಒಂದನ್ನ ಡಿ ಗೆ ಸೇರಿಸುತ್ತೆ, ಇನ್ನೊಂದು ನೀರಾಗಿ ಹೋಗುತ್ತೆ.

ಅಜ್ಜಿದು ಲಿವರ್ ಚೆನ್ನಾಗಿದೆ, ಸೋತಿರೋದು ಕಿಡ್ನಿ. ಪಕ್ಕದ ಮನೆ ಅತ್ತೆ "ವಾರಕ್ಕೊಂದು ಪುಡಿ ಹಾಲಿಗೆ ಹಾಕಿ ಕೊಡಿ, ಸಾಕು" ಅಂದ್ರು, ಆದ್ರೆ ಆ ಪುಡಿಲಿರೋದು ಸಾದಾ ಡಿ, ಅದಕ್ಕೂ ಕೊನೆ ಓಎಚ್ ಕಿಡ್ನಿನೇ ಹಾಕ್ಬೇಕಲ್ಲ! ಅದಕ್ಕೇ ಎರಡೂ ಕೂರಿಸಿ ರೆಡಿ ಇರೋ ಕ್ಯಾಲ್ಸಿಟ್ರಿಯಾಲನ್ನೇ ಬರೆದಿದ್ದು.

ಪರೀಕ್ಷೆಗೆ ಬರೀ ಹೆಸ್ರು ಉರು ಹೊಡೀಬೇಡ, ಯಾವುದು ಯಾವ ಅಂಗದಲ್ಲಿ ಅಂತ ನೋಡ್ಕೋ. ಮಿದುಳಲ್ಲಿ, ಅಡ್ರಿನಲ್ ಗ್ರಂಥಿಲಿ ಟೈರೋಸಿನ್ ಅನ್ನೋ ಅಮೈನೋ ಆಮ್ಲಕ್ಕೆ ಓಎಚ್ ಹಾಕೋ ಟೈರೋಸಿನ್ ಹೈಡ್ರಾಕ್ಸಿಲೇಸ್ ಇದೆ, ನರಗಳ ಸಂದೇಶ ಒಯ್ಯೋ ಡೋಪಮೈನ್ ತಯಾರಾಗೋದು ಅಲ್ಲಿಂದ ಶುರು. ಫಿನೈಲ್‌ಅಲನೈನ್ ಅನ್ನೋ ಇನ್ನೊಂದು ಅಮೈನೋ ಆಮ್ಲದ ಹೈಡ್ರಾಕ್ಸಿಲೇಸ್ ಲಿವರಲ್ಲಿ, ಅದು ಹುಟ್ಟಿಂದ್ಲೇ ಕೈ ಕೊಟ್ರೆ ಪಿಕೆಯು (ಫಿನೈಲ್‌ಕೀಟೋನ್ಯೂರಿಯಾ) ಅನ್ನೋ ಕಾಯಿಲೆ. ನಂಗೆ ಇಷ್ಟ ಆಗೋದು ಪ್ರೊಲಿಲ್ ಹೈಡ್ರಾಕ್ಸಿಲೇಸ್. ಚರ್ಮ, ಮೂಳೆಗೆ ಬಲ ಕೊಡೋ ಕೊಲಾಜನ್ ಪ್ರೋಟೀನ್ ಕಟ್ಟೋ ಜೀವಕೋಶದೊಳಗೆ ಇದ್ಕೊಂಡು ಅದರಲ್ಲಿರೋ ಪ್ರೋಲಿನ್ ಅನ್ನೋ ಅಮೈನೋ ಆಮ್ಲಕ್ಕೆ ಓಎಚ್ ಹಾಕುತ್ತೆ, ಅದಿಲ್ದಿದ್ರೆ ಕೊಲಾಜನ್‌ನ ಮೂರು ಎಳೆ ಮೈ ಬಿಸಿಗೇ ಬಿಚ್ಚಿಹೋಗುತ್ತೆ. ಇದರ ಕಬ್ಬಿಣ ಆಗಾಗ ಕೆಟ್ಟು ಕೂರುತ್ತೆ, ಸರಿ ಮಾಡೋದು ವಿಟಮಿನ್ ಸಿ. ಸಿ ಪೂರ್ತಿ ಕಮ್ಮಿ ಆದ್ರೆ ಸ್ಕರ್ವಿ, ಒಸಡಲ್ಲಿ ರಕ್ತ. ಹಾಸ್ಟೆಲ್ ಊಟ ಅಂತ ಗೊಣಗ್ತಿಯಲ್ಲ, ನೆಲ್ಲಿಕಾಯಿ ಕಳಿಸ್ತೇನೆ, ಹಸೀದೇ ತಿನ್ನು, ಬೇಯಿಸಿದ್ರೆ ಸಿ ಸುಮಾರು ಹೋಗುತ್ತೆ.

ಕ್ಯಾಲ್ಸಿಟ್ರಿಯಾಲ್ ಹೆಚ್ಚಾದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತಂತೆ, ಹಂಗಾಗಿ ಮುಂದಿನ ವಾರ ಅಜ್ಜಿಗೆ ಟೆಸ್ಟ್ ಇದೆ. ರಿಪೋರ್ಟ್ ವಾಟ್ಸಾಪ್ ಮಾಡ್ತೇನೆ, ನೀನೇ ಓದಿ ಹೇಳು.

ಆಯಿ