ಜೋಡಿ ಓಟ ಛಂದ, ಒಬ್ಬಾಕಿ ಓಡೂದು ಯಾವಾಗ?

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಭಾನುವಾರದ ಪುರವಣಿಯೊಳಗ ಮ್ಯಾರಥಾನ್‌ಗೆ ಜೋಡಿಯಾಗಿ ತಯಾರಿ ಮಾಡೂ ಗಂಡ ಹೆಂಡ್ತಿ ಬಗ್ಗೆ ಲೇಖನ ಬಂದಿತ್ತಲ್ಲ, ಅದನ್ನ ನಾ ಓದಿ ನಮ್ಮ ಮನಿಯವ್ರಿಗೆ ಕೊಟ್ಟೆ, ಅವ್ರು ನಮ್ಮತ್ತಿಯವ್ರಿಗೆ ಜೋರಾಗಿ ಓದಿ ಹೇಳಿದ್ರು, ಮನಿ ಮಂದೆಲ್ಲ ಕೇಳಿದ್ವಿ. ಫೋಟೋದಾಗ ಇಬ್ರೂ ಒಂದೇ ಬಣ್ಣದ ಟೀ ಶರ್ಟ್ ಹಾಕ್ಕೊಂಡು ಕೈ ಕೈ ಹಿಡಕೊಂಡು ನಗ್ಕೋತ ಓಡ್ಲಿಕ್ಕತ್ತಾರ. 42 ಕಿಲೋಮೀಟರ್ ಯಾರೂ ಕೈ ಹಿಡಕೊಂಡು ಓಡಂಗಿಲ್ಲ, ಓಡಿದ್ರ 5 ಕಿಲೋಮೀಟರ್ ಆಗೂದ್ರಾಗ ಜಗಳ ಆಗ್ತದ, ಆ ಮಾತು ಬ್ಯಾರೆ ಬಿಡ್ರಿ. ಲೇಖನ ಛಲೋ ಇತ್ತು. ಆದ್ರ ಅದರಾಗ ಬರೀಬೇಕಾದ್ದು ಒಂದು, ಗಂಡ ಜೋಡಿ ಇಲ್ಲದಾಗ ಹೆಣ್ಮಗಳು ಒಬ್ಬಾಕೀನೇ ಹೆಂಗ ಓಡಬೇಕು ಅನ್ನೂದು, ಬಿಟ್ಟೋಗ್ಯದ ಅಂತ ನನಗ ಅನಿಸ್ತು, ಅದಕ್ಕ ಈ ಪತ್ರ.

ನಾವೂ ವಿಜಯಪುರದಾಗ ಇಬ್ರೂ ಕೂಡಿ ತಯಾರಿ ಮಾಡ್ಲಿಕ್ಕತ್ತೀವಿ. ನಮ್ಮೂರಾಗ ವೃಕ್ಷೋಥಾನ್ ಹೆರಿಟೇಜ್ ರನ್ ಆಗ್ತದಲ್ಲ, ಅದರಾಗ 5, 10, 21 ಕಿಲೋಮೀಟರ್ ಓಟ ಅಂತ ಇರ್ತಾವ, ಮೊದಲ ಅದರಾಗ ಓಡಿದ ಮ್ಯಾಲೇನೇ ನಮಗ ಈ ಹುಚ್ಚು ಹತ್ತಿದ್ದು. ಫುಲ್ ಮ್ಯಾರಥಾನ್, ಅಂದ್ರ 42.195 ಕಿಲೋಮೀಟರ್ ಓಡ್ಬೇಕಂದ್ರ ಹೊರಗಿನ ಊರಿಗೇ ಹೋಗಬೇಕು, ಅದಕ್ಕ ಮುಂಬೈದು ಹಿಡದೀವಿ. ಅದು ಜನವರಿ ಮೂರನೇ ಭಾನುವಾರ, ನಮ್ಮ ಸಿದ್ಧೇಶ್ವರ ಜಾತ್ರಿ ಬೆನ್ನಿಗೇ ಬರ್ತದ, ಹಿಂಗಾಗಿ ಸಂಕ್ರಾಂತಿ ಶೇಂಗಾ ಹೋಳಿಗಿ ಕಣ್ಣಿಲೆ ನೋಡಿ ಬಿಡಬೇಕು. ನಮ್ಮ ಮನಿಯವ್ರಿಗೆ ಓಡೂದಕ್ಕಿಂತ ಅದೇ ದೊಡ್ಡ ಕಷ್ಟ ಆಗ್ಯದ.

ಗಣಪತಿ ಕಳಿಸಿದ ಮ್ಯಾಲೆ ಶುರು ಮಾಡಿದ್ವಿ. ವಾರದಾಗ ಮೂರ್ನಾಕು ದಿನ ಸಣ್ಣ ಓಟ, ಭಾನುವಾರ ಲಾಂಗ್ ರನ್. ಲಾಂಗ್ ರನ್ ಒಮ್ಮೆಲೇ ಜಾಸ್ತಿ ಮಾಡಂಗಿಲ್ಲ, ವಾರಕ್ಕ ಒಂದೆರಡು ಕಿಲೋಮೀಟರ್ ಏರಿಸ್ಕೋತ ಹೋಗಿ 30-32ಕ್ಕ ನಿಲ್ಲಸೂದು, ರೇಸ್‌ಗೆ ಮೂರು ವಾರ ಇರೂವಾಗ ಇಳಿಸ್ಲಿಕ್ಕೆ ಶುರು ಮಾಡೂದು. ಇಳಿಸೂದು ಯಾಕಂದ್ರ ಕಾಲಿಗೆ ರೆಸ್ಟ್ ಬೇಕಾಗ್ತದ, ಇದನ್ನ ಗಂಡಸ್ರಿಗೆ ತಿಳಿಸಿ ಹೇಳೂದು ಭಾಳ ಕಷ್ಟ ಅದ. ಲಾಂಗ್ ರನ್ ಹಿಂದಿನ ರಾತ್ರಿ ರೊಟ್ಟಿ ಬಿಟ್ಟು ಅನ್ನ ಉಣ್ತೀವಿ, ನಾರು ಕಡಿಮಿ ಇದ್ರ ಹೊಟ್ಟಿ ಹಗುರ ಇರ್ತದ ಅಂತ, ಬಿಳಿ ಜ್ವಾಳದ ಊರಾಗ ಹುಟ್ಟಿ ರೊಟ್ಟಿ ಬ್ಯಾಡಂತೀರಿ ಅಂತ ನಮ್ಮತ್ತಿಯವ್ರು ಇನ್ನೂ ಬೈತಾರ.

ನಾವು ಇಬ್ರಾಹಿಂ ರೋಜಾ ದಾಟಿ ತೊರವಿ ಕಡೆ ಓಡ್ತೀವಿ. ಇಬ್ರಾಹಿಂ ರೋಜಾ ಅನ್ನೂ ಈ ಗೋರಿ ಮೊದಲಿಗೆ ರಾಣಿ ತಾಜ್ ಸುಲ್ತಾನಾ ಸಲುವಾಗಿ ಕಟ್ಟಿಸಿದ್ದು, ಆಮ್ಯಾಲೆ ರಾಜಾ ಎರಡನೇ ಇಬ್ರಾಹಿಂ ಆದಿಲ್ ಶಾಹನೂ ಅಲ್ಲೇ ಮಲಗಿದ. ನಮ್ಮ ಮನಿಯವ್ರು ದಿನಾ ಅಲ್ಲಿ ಬಂದ್ಕೂಡ್ಲೇ ನೋಡು ಜೋಡಿ ಅಂದ್ರ ಹಿಂಗಿರಬೇಕು ಅಂತ ಒಂದು ಡೈಲಾಗ್ ಹೊಡೀತಾರ, ಹೊಡದು ಹಂಗೇ ಮುಂದ ಹೋಗಿಬಿಡ್ತಾರ, ಯಾಕಂದ್ರ ನಮ್ಮಿಬ್ರದೂ ಪೇಸ್ ಬ್ಯಾರೆ ಬ್ಯಾರೆ. ಜೋಡಿ ಓಟ ಅಂದ್ರ ಬಾಜೂಕ ಬಾಜೂಕ ಓಡೂದಲ್ರಿ. ಮನಿಯಿಂದ ಕೂಡಿ ಬಿಡ್ತೀವಿ, ಅವ್ರು ಕಣ್ಣಿಗೆ ಕಾಣದಷ್ಟು ಮುಂದ ಹೋಗ್ತಾರ, ತಿರುಗಿ ಬರೂವಾಗ ಎದುರು ಸಿಗ್ತಾರ, ಒಂದು ಗುಟುಕು ಉಪ್ಪು ಹಾಕಿದ ಮಜ್ಜಿಗಿ ಕುಡದು ಮತ್ತ ಹೋಗ್ತಾರ. 22-23 ಕಿಲೋಮೀಟರ್ ಆದ ಮ್ಯಾಲೆ ಅವ್ರ ಆಟ ಮುಗೀತದ, ಸೊಂಟದ ಮ್ಯಾಲೆ ಕೈ ಇಟ್ಕೊಂಡು ರೋಡ್ ಬದಿಗೆ ನಿಂತಿರ್ತಾರ, ನಾ ಅದೇ ಸ್ಪೀಡಿನ್ಯಾಗ ದಾಟಿ ಹೋಗ್ತೀನಿ. ಮ್ಯಾರಥಾನ್ ಓಡಿದವ್ರ ಲೆಕ್ಕ ತಗದು ನೋಡಿದ ಸಂಶೋಧಕರೂ ಇದನ್ನೇ ಹೇಳ್ತಾರ, ಎರಡನೇ ಅರ್ಧದಾಗ ಗಂಡಸ್ರು ಸ್ಲೋ ಆಗೂವಷ್ಟು ಹೆಣ್ಮಕ್ಕಳು ಆಗಂಗಿಲ್ಲ ಅಂತ. ನಮ್ಮ ಮನ್ಯಾಗ ಇದರ ಬಗ್ಗೆ ಮಾತು ತಗೀಬಾರ್ದು ಅಂತ ಒಂದು ಒಪ್ಪಂದ ಆಗ್ಯದ.

ಮನಿ ಕೆಲಸದ್ದು ಜಾಸ್ತಿ ಬರಿಯಂಗಿಲ್ಲ. ಅವ್ರು ಹಾಲು ತಂದು ಮಕ್ಕಳ ಡಬ್ಬಿ ಕಟ್ಟೂದು ಕಲ್ತಾರ, ಪಲ್ಯಾ ರಾತ್ರೀನೇ ಹೆಚ್ಚಿಡ್ತಾರ. ಅದು ಆಗದೇ ಇದ್ರ ನಾನು ಓಡ್ತಿದ್ದಿಲ್ಲ, ಅಷ್ಟೇ.

ಈಗ ಅಸಲಿ ವಿಷಯಕ್ಕ ಬರ್ತೀನಿ. ನಮ್ಮ ಮನಿಯವ್ರದು ಊರೂರು ತಿರುಗೂ ನೌಕರಿ, ತಿಂಗಳದಾಗ ಎಷ್ಟೋ ದಿನ ಕಲಬುರಗಿ, ಹುಬ್ಬಳ್ಳಿ ಅಂತ ಹೊರಗಿರ್ತಾರ. ಅವ್ರು ಹೋದಲ್ಲಿ ಶೂಸ್ ಬ್ಯಾಗಿನ್ಯಾಗ ಹಾಕ್ಕೊಂಡು ಹೋಗ್ತಾರ, ಮುಂಜಾನೆ ಐದಕ್ಕ ಲಾಡ್ಜಿನಿಂದ ಹೊರಗ ಬಿದ್ದು ಗೊತ್ತಿಲ್ಲದ ಊರಾಗ ಗೊತ್ತಿಲ್ಲದ ರೋಡಿನ್ಯಾಗ 15 ಕಿಲೋಮೀಟರ್ ಓಡಿ ಬಂದು ನನಗ ಫೋಟೋ ಕಳಸ್ತಾರ. ನಾನು ಹುಟ್ಟಿ ಬೆಳದ ಊರಾಗ, ಎಲ್ಲಾ ಓಣಿ ಗೊತ್ತಿರೂ ಊರಾಗ, ಅವತ್ತು ಓಡ್ಲಿಕ್ಕೆ ಹೋಗಂಗಿಲ್ಲ. ನಮ್ಮ ಓಣ್ಯಾಗ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ಗಾಣದ ಎತ್ತಿನಂಗ ಸುತ್ತು ಹಾಕ್ತೀನಿ, ಸುತ್ತು ಹಾಕೂವಾಗ ನೀರು ಹಿಡೀಲಿಕ್ಕೆ ಬಂದ ಹೆಣ್ಮಕ್ಕಳು ಯಾಕ್ರಿ ಸರ್ ಊರಾಗ ಇಲ್ಲೇನ್ರಿ ಅಂತ ಕೇಳ್ತಾರ. ಅಂದ್ರ ನಾ ಎಲ್ಲಿ ಓಡ್ಲಿಕ್ಕತ್ತೀನಿ ಅನ್ನೂದ್ರ ಮ್ಯಾಲೆ ನಮ್ಮ ಮನಿಯವ್ರು ಊರಾಗ ಅದಾರೋ ಇಲ್ಲೋ ಅಂತ ಓಣಿ ಮಂದಿಗೆ ಗೊತ್ತಾಗ್ತದ!

ಹೆದರಿಕಿ ಯಾಕ ಅಂತ ಕೇಳೂವವ್ರು ಒಮ್ಮೆ ಮುಂಜಾನೆ ನಾಕೂವರಿಗೆ ಹೊರಗ ಬಂದು ನೋಡ್ರಿ. ಇಷ್ಟು ಲಗೂ ಯಾಕಂದ್ರ ಭಾನುವಾರ ಬಿಸಿಲು ಏರೂದ್ರಾಗ 25-30 ಕಿಲೋಮೀಟರ್ ಮುಗೀಬೇಕು, ಮುಗಿಸಿ ಬಂದು ಮನಿ ನೋಡ್ಬೇಕು, ಉಳಿದ ದಿನ ಆದ್ರ ನೌಕರಿಗೂ ಹೋಗಬೇಕು. ಊರು ದಾಟಿದ ಮ್ಯಾಲೆ ಲೈಟಿನ ಕಂಬ ಇರ್ತಾವ, ಲೈಟ್ ಇರಂಗಿಲ್ಲ. ಇದ್ದ ಲೈಟ್ ಒಂದು ಹತ್ತಿದ್ರ ಮೂರು ಹತ್ತಂಗಿಲ್ಲ. ದೀಪಾವಳಿ ಮುಂದ ಕಬ್ಬಿನ ಹಂಗಾಮು ಶುರು ಆದ್ರ ಟ್ರ್ಯಾಕ್ಟರ್ ಬರ್ತಾವ, ಹಿಂದ ಎರಡೆರಡು ಟ್ರೇಲರ್, ಎರಡರಾಗೂ ಕಬ್ಬು ರೋಡ್ ತುಂಬ ಹೊರಗ ಬಂದಿರ್ತದ, ಹಿಂದ ಕೆಂಪು ಲೈಟ್ ಇಲ್ಲ, ರೇಡಿಯಂ ಪಟ್ಟಿ ಇಲ್ಲ, ಮುಂದ ಸ್ಪೀಕರ್ ಮಾತ್ರ ಎರಡು ಊರಿಗೆ ಕೇಳೂವಂಗ ಇರ್ತಾವ, ಡ್ರೈವರಿಗೆ ಹಾರ್ನ್ ಸಹಿತ ಕೇಳ್ಸಂಗಿಲ್ಲ, ಇನ್ನ ನಾ ಒದರಿದ್ದು ಎಲ್ಲಿ ಕೇಳ್ಸಬೇಕು. ಅದು ಬಂತಂದ್ರ ರೋಡ್ ಬಿಟ್ಟು ಕೆಳಗ ಇಳೀಬೇಕು, ಹಸಿ ಇದ್ದಾಗ ಎರಿ ಮಣ್ಣು ಶೂಸಿಗೆ ಹತ್ತಿ ಕಾಲು ಎತ್ತಲಿಕ್ಕೆ ಬರಂಗಿಲ್ಲ. ಇದು ಗಂಡಸ್ರಿಗೂ ಅದ, ಹೆಣ್ಮಕ್ಕಳಿಗೂ ಅದ, ಒಪ್ತೀನಿ.

ನಾಯಿದೂ ಹಂಗೇ. ಇಬ್ರಿದ್ರ ಒಬ್ರು ಕಲ್ಲು ಎತ್ತಿದಂಗ ಬಗ್ಗಿದ್ರ ಸಾಕು ಅವು ನಿಲ್ತಾವ, ಒಬ್ಬಾಕೀನೇ ಇದ್ರ ಐದಾರು ನಾಯಿ ಕೂಡಿ ಬೆನ್ನ ಹತ್ತತಾವ. ನಾಯಿ ಹೊಡೀರಿ ಅಂತ ನಾ ಹೇಳಂಗಿಲ್ಲ, ಸಂತಾನಹರಣ ಮಾಡಿ, ರೇಬಿಸ್ ಲಸಿಕಿ ಹಾಕಬೇಕು ಅಂತ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಾಗೇ ಅದ, ಅದನ್ನ ಮಾಡ್ರಿ ಅಂತೀನಿ. ಹಂಗೇ ಓಡೂವವ್ರಿಗೆ ಒಂದು ಮಾತು, ಕಡಿದ್ರ ಅರಿಷಿಣ, ಖಾರ ಹಚ್ಚಬ್ಯಾಡ್ರಿ, ಸಾಬಾನು ಹಚ್ಚಿ ಹರಿಯೂ ನೀರಾಗ 15 ನಿಮಿಷ ತೊಳದು ಸೀದಾ ಇಂಜೆಕ್ಷನ್ ತಗೋರಿ.

ಇನ್ನ ನಾಯಿಗಿಂತ ಕೆಟ್ಟದ್ದು. ಬೈಕ್ ಮ್ಯಾಲೆ ಬರ್ತಾರ, ಸ್ಲೋ ಮಾಡ್ತಾರ, ಬಾಜೂಕ ಬಂದು ಎಷ್ಟು ದೂರ ಮೇಡಂ, ಬಿಡ್ಲೇನು ಅಂತ ಕೇಳ್ತಾರ. ಒಂದು ಫರ್ಲಾಂಗ್ ಹಂಗೇ ಬಾಜೂಕ ಬರ್ತಾರ. ಮುಂದ ನಮ್ಮ ಮನಿಯವ್ರು ಕಂಡ್ರು ಅಂದ್ರ ಗಾಡಿ ಎಳದ್ಕೊಂಡು ಹೋಗ್ತಾರ. ನಮ್ಮ ಮನಿಯವ್ರು ಏನೂ ಅನ್ನಂಗಿಲ್ಲ, ಅವ್ರನ್ನ ನೋಡಿದ್ರ ಸಾಕು. ನಾ ಒಬ್ಬಾಕೀನೇ ಇದ್ದಾಗ ನಾ ಏನಂದ್ರೂ ಆ ಬೈಕಿನವ್ರಿಗೆ ನಗುನೇ. ರಾಜ್ಯದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರೋದು ಇದೇ ತೊರವಿ ಕಡೆ ನೋಡ್ರಿ, ಎಷ್ಟೋ ಜಿಲ್ಲಾದಿಂದ ಹುಡುಗ್ಯಾರು ಓದ್ಲಿಕ್ಕೆ ಬರ್ತಾರ, ಅವ್ರಾಗ ಓಡೂ ಹುಡುಗ್ಯಾರು ಎಷ್ಟಿರ್ಬೇಕು, ಪೊಲೀಸ್ ಪರೀಕ್ಷಾ ಬರಿಯೂವವ್ರು ಎಷ್ಟಿರ್ಬೇಕು. ಅವ್ರಿಗೆ ಬಾಜೂಕ ಓಡ್ಲಿಕ್ಕೆ ಗಂಡ ಎಲ್ಲಿಂದ ತರಬೇಕು?

ಇದು ನಮ್ಮೂರಿಂದೇ ಕಥಿ ಅಲ್ಲ. 1966ರಾಗ ಅಮೆರಿಕದ ಬಾಸ್ಟನ್ ಮ್ಯಾರಥಾನ್‌ದಾಗ ಹೆಣ್ಮಕ್ಕಳಿಗೆ ಬಿಡ್ತಿದ್ದಿಲ್ಲ ಅಂತ ಬಾಬಿ ಗಿಬ್ ಅನ್ನೂ ಹೆಣ್ಮಗಳು ಕಂಟಿ ಹಿಂದ ಅಡಗಿ ಕೂತು, ಗಂಡಸ್ರು ಓಡ್ಲಿಕ್ಕೆ ಶುರು ಮಾಡಿದ ಮ್ಯಾಲೆ ನಡುವ ಸೇರಿ ಪೂರ್ತಿ ಓಡಿದ್ಲು. ಮರುವರ್ಷ ಕ್ಯಾಥ್ರಿನ್ ಸ್ವಿಟ್ಜರ್ ನಂಬರ್ ಹಚ್ಕೊಂಡೇ ಓಡಿದ್ಲು, ಅಲ್ಲಿಯ ಅಧಿಕಾರಿ ಒಬ್ಬ ನಡುದಾರ್ಯಾಗ ನುಗ್ಗಿ ಆಕಿ ನಂಬರ್ ಕಿತ್ಗೊಳ್ಳಿಕ್ಕೆ ಬಂದ, ಬಾಜೂಕ ಓಡ್ಲಿಕ್ಕತ್ತಿದ್ದ ಆಕಿ ಗೆಳೆಯ ಆ ಮನಷ್ಯಾನ್ನ ದೂಕಿ ಒಗದ. ಹ್ಯಾಮರ್ ಥ್ರೋ ಆಟಗಾರ ಅವ, ಮೈ ಹಂಗಿತ್ತು. ಎಲ್ಲಾರೂ ನೋಡಿದ್ದು ಆ ದೂಕಿದ ಫೋಟೋ. ನನಗ ಜಾಸ್ತಿ ಮನಸ್ಸಿಗೆ ಬರೂದು ಕಂಟಿ ಹಿಂದ ಕೂತಾಕಿ. ಒಲಿಂಪಿಕ್ಸ್‌ದಾಗ ಗಂಡಸ್ರ ಮ್ಯಾರಥಾನ್ 1896ರಾಗೇ ಶುರು ಆಯ್ತು, ಹೆಣ್ಮಕ್ಕಳದು ಆಗ್ಬೇಕಂದ್ರ 1984 ಬರಬೇಕಾಯ್ತು. ನಾವಿನ್ನೂ ತೊರವಿ ರೋಡಿನ ಲೈಟ್ ಕೇಳ್ಲಿಕ್ಕತ್ತೀವಿ.

ಟ್ರೆಡ್‌ಮಿಲ್ ತಗೋರಿ ಅಂತ ಉಪದೇಶ ಮಾಡೂವವ್ರು ಅದಾರ. ಅದರ ರೊಕ್ಕ ಅವ್ರೇ ಕೊಡ್ತಾರೇನು ಕೇಳ್ಬೇಕು. ಅಲ್ದ ಅದರ ಮ್ಯಾಲೆ ಮೂರು ತಾಸು ಗ್ವಾಡಿ ನೋಡ್ಕೋತ ಓಡೂದಂದ್ರ ತಲಿ ಕೆಡ್ತದ. ಕ್ರೀಡಾಂಗಣಕ್ಕ ಹೋಗ್ರಿ ಅಂತಾರ, ನಾ ಹೋದ ಕಡೆ ಗೇಟ್ ತಗಿಯೂ ಹೊತ್ತಿಗೆ ನನ್ನ ಓಟ ಮುಗದಿರ್ಬೇಕು, ಹೆಣ್ಮಕ್ಕಳ ಶೌಚಾಲಯಕ್ಕ ಕೀಲಿ, ಕೀಲಿ ಯಾರ ಕಡೆ ಅದ ಅಂತ ಕೇಳಿದ್ರ ಅವ್ರು ಇನ್ನೂ ಬಂದಿಲ್ಲ ಅಂತಾರ. ಇನ್ನು ನಮ್ಮ ಓಣಿ ಹಿರಿಯರೊಬ್ರು ಅಂದಿದ್ದು, ಸರ್ ಇದ್ದಾಗ ಓಡ್ರಿ, ಇಲ್ಲದಾಗ ಬಿಡ್ರಿ, ಅಷ್ಟ್ಯಾಕ ಹಟ. ಮ್ಯಾರಥಾನ್ ತಯಾರಿ ಹಂಗ ಆಗಂಗಿಲ್ರಿ ಕಾಕಾ, ನಡುವ ಎರಡು ವಾರ ಬಿಟ್ರ ಹಿಂದಿನ ತಯಾರಿ ಒಂದಷ್ಟು ನೀರಾಗ ಹೋಮ ಆಗ್ತದ, ಅಲ್ದ 30 ಕಿಲೋಮೀಟರ್ ದಾಟಿದ ಮ್ಯಾಲೆ ಮೈಯಾಗಿನ ಸಕ್ಕರಿ ಖರ್ಚಾಗಿ ಕಾಲು ಕಲ್ಲಾಗ್ತಾವ, ಅದಕ್ಕ ಮೈಗೆ ರೂಢಿ ಮಾಡಿಸೂದೇ ಈ ಲಾಂಗ್ ರನ್ ಅಂತ ಅವ್ರಿಗೆ ಹೇಳಿದೆ. ಕೇಳಿಸ್ಕೊಂಡ್ರು, ಚಾ ಕುಡದು ಹೋದ್ರು.

ನನ್ನ ಬೇಡಿಕಿ ಭಾಳ ದೊಡ್ಡದೇನಿಲ್ಲ. ಮುಂಜಾನೆ ನಾಕೂವರಿಯಿಂದ ಆರರ ತನಕ ಮಂದಿ ಓಡೂ ರೋಡಿನ್ಯಾಗ ಲೈಟ್ ಹತ್ತಬೇಕು. ಅದೇ ಹೊತ್ತಿನ್ಯಾಗ ಪೊಲೀಸ್ ಗಾಡಿ ಒಂದು ರೌಂಡ್ ಹೊಡೀಬೇಕು, 112ಕ್ಕ ಫೋನ್ ಮಾಡ್ಬಹುದು ಖರೆ, ಆದ್ರ ಫೋನ್ ಮಾಡೂ ಪಾಳಿ ಬರದೇ ಇದ್ರ ಛಲೋ ಅಲ್ಲೇನ್ರಿ. ಕ್ರೀಡಾಂಗಣ ಐದಕ್ಕ ತಗೀಲಿ, ಶೌಚಾಲಯದ ಕೀಲಿ ವಾಚ್‌ಮನ್ ಕಡೆ ಇರಲಿ. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದ ರೇಡಿಯಂ ಹಚ್ಚಸೂದಕ್ಕ ಎಷ್ಟು ಖರ್ಚು ಬರ್ತದ ಹೇಳ್ರಿ? ರೇಸ್ ಇದ್ದ ದಿನ ಇವೆಲ್ಲ ಆಗ್ತಾವ, ರೋಡ್ ಬಂದ್ ಆಗ್ತದ, ಪೊಲೀಸ್ರು ಇರ್ತಾರ, ಆಂಬುಲೆನ್ಸ್ ಇರ್ತದ, ಹಾದಿ ತುಂಬ ನೀರು ಬಾಳಿಹಣ್ಣು ಕೊಡ್ತಾರ, ಅವತ್ತು ನೋಡ್ರಿ ಹೆಣ್ಮಕ್ಕಳು ಎಷ್ಟು ಬರ್ತಾರಂತ, ಸೀರಿ ಉಟ್ಟವ್ರೂ ಓಡ್ತಾರ. ಅವ್ರೆಲ್ಲ ಮರುದಿನ ಎಲ್ಲಿ ಹೋಗ್ತಾರ ಅನ್ನೂದನ್ನ ಯಾರರೆ ಕೇಳ್ಯಾರೇನು?

ನಿಮ್ಮ ಲೇಖನದಾಗ ಆ ಹೆಣ್ಮಗಳು, ಗಂಡನ ಸಪೋರ್ಟ್ ಇಲ್ಲದೇ ಇದ್ರ ನನಗ ಓಡ್ಲಿಕ್ಕೆ ಆಗ್ತಿದ್ದಿಲ್ಲ ಅಂತ ಹೇಳ್ಯಾಳ, ನೀವು ಅದನ್ನ ದಪ್ಪ ಅಕ್ಷರದಾಗ ಹಾಕೀರಿ. ನನ್ನ ಕೇಳಿದ್ರ ನಾನೂ ಅದನ್ನೇ ಹೇಳ್ತಿದ್ದೆ, ಖರೇನೇ ಅದ. ಆದ್ರ ಆ ಮಾತನ್ನ ಹೊಗಳಿಕಿ ಅಂತ ಹಾಕೂದ್ಕಿಂತ ದೂರು ಅಂತ ಹಾಕಿದ್ರ ಛಲೋ ಇರ್ತಿತ್ತು ಅಂತ ನನ್ನ ಅಭಿಪ್ರಾಯ. ಸಾಧ್ಯ ಆದ್ರ ನಿಮ್ಮ ವರದಿಗಾರ್ತಿ ಒಬ್ಬಾಕಿನ್ನ ಒಂದು ದಿನ ಮುಂಜಾನೆ ನಾಕೂವರಿಗೆ ಇಬ್ರಾಹಿಂ ರೋಜಾ ಕಡೆಯಿಂದ ತೊರವಿಗೆ ಓಡ್ಲಿಕ್ಕೆ ಕಳಸ್ರಿ, ಫೋಟೋಗ್ರಾಫರ್ ಬ್ಯಾಡ, ಹಿಂದ ಆಫೀಸಿನ ಗಾಡಿ ಬ್ಯಾಡ. ಆಕಿ ಬಂದು ಬರದಿದ್ದನ್ನ ಅದೇ ಪುರವಣಿಯೊಳಗ ಅಷ್ಟೇ ಜಾಗಾದಾಗ ಹಾಕ್ರಿ.

ಇಂತಿ,
ನಿಮ್ಮ ಪತ್ರಿಕೆ ಓದೂ ಒಬ್ಬ ಹೆಣ್ಮಗಳು
ವಿಜಯಪುರ