ಆಡಿಷನ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನೆ ರಾತ್ರಿ ನೀನು ವಾಟ್ಸಾಪ್‌ನಲ್ಲಿ ಕಳಿಸಿದ 32 ಫೋಟೋಗಳನ್ನೂ ನೋಡಿದೆ. "ಆಡಿಷನ್‌ಗೆ ಇದರಲ್ಲಿ ಯಾವುದು ಕಳಿಸಲಿ?" ಅಂತ ಕೇಳಿದ್ದೀಯ. ಬೇಜಾರು ಮಾಡ್ಕೋಬೇಡ, ಯಾವುದನ್ನೂ ಕಳಿಸಬೇಡ. ಅದರಲ್ಲಿ ನೀನು ಎಲ್ಲಿದ್ದೀಯ ಮಾರಾಯ? ಹುಬ್ಬಿನ ಮೇಲಿನ ಗಾಯದ ಗುರುತನ್ನೇ ಸ್ಟುಡಿಯೋದವರು ಅಳಿಸಿಬಿಟ್ಟಿದ್ದಾರೆ. ಅರ್ಧ ಫೋಟೋಗಳಲ್ಲಿ ಕಪ್ಪು ಕನ್ನಡಕ, ಬೈಕು, ಹಿಂದೆ ಹೊಗೆ. ತೀರ್ಥಹಳ್ಳಿಯಲ್ಲಿ ರಾತ್ರಿಯಿಡೀ ನಾಟಕ ಆಡಿ ಬೆಳಿಗ್ಗೆ ತೋಟಕ್ಕೆ ಹೋಗುತ್ತಿದ್ದ ಹುಡುಗನ ಮುಖ ಒಂದರಲ್ಲೂ ಸಿಗಲಿಲ್ಲ.

ನೀನು ಕೇಳಿದ್ದನ್ನೇ ಬೇರೆಯವರೂ ನನ್ನನ್ನು ಕೇಳುತ್ತಿರುತ್ತಾರೆ. ಅದಕ್ಕೇ ನಿನ್ನ ಒಪ್ಪಿಗೆ ತಗೊಂಡು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಫೋಟೋಗಿಂತ ಮೊದಲು, ಪೋರ್ಟ್‌ಫೋಲಿಯೋಗೆ, ಅಂದರೆ ಕೆಲಸ ಕೊಡುವವರಿಗೆ ತೋರಿಸುವ ಫೋಟೋಗಳ ಕಟ್ಟಿಗೆ, ನಿನ್ನ ಹತ್ತಿರ ಕೇಳಿದ್ದಾರೆ ಅಂದೆಯಲ್ಲ, ಆ 25 ಸಾವಿರದ ವಿಷಯ. "ನಮ್ಮಲ್ಲೇ ಪೋರ್ಟ್‌ಫೋಲಿಯೋ ಮಾಡಿಸಿದರೆ ಸೀರಿಯಲ್‌ನಲ್ಲಿ ಪಾತ್ರ ಗ್ಯಾರಂಟಿ" ಅಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡ. ನಾನು ಕೊಟ್ಟಿದ್ದೆ. ಬೆಂಗಳೂರಿಗೆ ಬಂದ ಮೊದಲ ವರ್ಷ, ಅಡಿಕೆ ಮಾರಿದ ದುಡ್ಡಿನಲ್ಲಿ ಅಮ್ಮ ಎತ್ತಿಟ್ಟು ಕೊಟ್ಟ 18 ಸಾವಿರ. ಮೂರು ತಿಂಗಳು "ಮುಂದಿನ ವಾರ, ಮುಂದಿನ ವಾರ" ಅಂದರು. ಒಂದು ದಿನ ಹೋಗಿ ನೋಡಿದರೆ ಆಫೀಸಿಗೆ ಬೀಗ. ಆ ದುಡ್ಡಿನ ಕಥೆಯನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಕಲಾವಿದರು ನಿಜವಾಗಿ ಬೇಕಾದವರು ಆಡಿಷನ್‌ಗೆ ಫೀಸು ಕೇಳುವುದಿಲ್ಲ, ರಿಜಿಸ್ಟ್ರೇಷನ್ ಅಂತಲೂ ಕೇಳುವುದಿಲ್ಲ. ಕಲಾವಿದರಿಗೆ ಕೆಲಸ ಹೊಂದಿಸಿಕೊಡುವ ಕೋಆರ್ಡಿನೇಟರ್‌ಗಳು ಕಮಿಷನ್ ತಗೊಳ್ಳುತ್ತಾರೆ ನಿಜ, ಆದರೆ ಅದು ನೀನು ಕೆಲಸ ಮಾಡಿ ಪೇಮೆಂಟ್ ಬಂದ ಮೇಲಿನ ಮಾತು.

ಶುರುವಿನಲ್ಲಿ ಪೋರ್ಟ್‌ಫೋಲಿಯೋಗೆ ಅಷ್ಟೊಂದು ಸುರಿಯುವ ಅಗತ್ಯವೇ ಇಲ್ಲ. ನಿಮ್ಮ ಮನೆಯ ಜಗುಲಿ ಸಾಕು. ಬೆಳಿಗ್ಗೆ ಏಳು, ಏಳೂವರೆಗೆ ಅಂಗಳದ ಕಡೆ ಮುಖ ಮಾಡಿ ನಿಲ್ಲು. ಬಿಸಿಲು ನೇರ ಮುಖಕ್ಕೆ ಬೀಳಬಾರದು, ಬೆಳಕು ಮಾತ್ರ ಬೀಳಬೇಕು. ಫೋನನ್ನು ಮುಖದ ಹತ್ತಿರ ತಂದು ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದ ಹಾಗೆ ಕಾಣುತ್ತದೆ. ಅದಕ್ಕೇ ತೆಗೆಯುವವರು ಐದಾರು ಅಡಿ ದೂರ ನಿಂತು ಎರಡರಷ್ಟು ಜೂಮ್ ಇಟ್ಟು ತೆಗೆಯಲಿ. ನೇರ ನೋಟದ್ದು ಒಂದು, ನಗುವಿನದ್ದು ಒಂದು, ಎಡ ಬಲ ಪಕ್ಕದಿಂದ ಒಂದೊಂದು, ಸೊಂಟದಿಂದ ಮೇಲಿನದ್ದು, ಪಾದದವರೆಗಿನ ಪೂರ್ತಿದ್ದು, ಇಷ್ಟಿದ್ದರೆ ಆಯಿತು. ಒಂದೇ ಬಣ್ಣದ ಇಸ್ತ್ರಿ ಮಾಡಿದ ಅಂಗಿ ಹಾಕು. ಸಣ್ಣ ಗೆರೆಯ ಬಟ್ಟೆ ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕಾಣುತ್ತದೆ, ಅದು ಬೇಡ. ಪಂಚೆಯಲ್ಲೂ ಒಂದು ತೆಗೆಸು, ನಿನಗೆ ಪಂಚೆ ಚೆನ್ನಾಗಿ ಒಪ್ಪುತ್ತದೆ. ಫಿಲ್ಟರ್ ಮುಟ್ಟಲೇಬೇಡ. ಫೋಟೋ ನೋಡಿ ಕರೆದವರು ಬಾಗಿಲಲ್ಲಿ ಬೇರೆ ಮುಖ ಕಂಡರೆ ಅಲ್ಲೇ ಅವರ ಆಸಕ್ತಿ ಇಳಿದುಹೋಗುತ್ತದೆ. ಗಡ್ಡ ತೆಗೆದರೆ ಅಥವಾ ಐದಾರು ಕೇಜಿ ಇಳಿದರೆ ಹೊಸದಾಗಿ ತೆಗೆಸಿಕೋ.

ಮುಂದೆ ಜಾಹೀರಾತಿನ ಮಾಡೆಲಿಂಗ್‌ಗೂ ಪ್ರಯತ್ನಿಸುವುದಾದರೆ ಒಳ್ಳೆ ಫೋಟೋಗ್ರಾಫರ್ ಬೇಕಾಗುತ್ತದೆ. ಹೊಸದಾಗಿ ಶುರು ಮಾಡಿದ ಕೆಲವರು ದುಡ್ಡಿಲ್ಲದೆ ತೆಗೆದುಕೊಡುತ್ತಾರೆ. ನಿನಗೆ ಫೋಟೋ ಸಿಗುತ್ತದೆ, ಅವರಿಗೂ ತೋರಿಸಿಕೊಳ್ಳಲು ಕೆಲಸ ಸಿಗುತ್ತದೆ. ಎಷ್ಟು ಫೋಟೋ ಕೊಡುತ್ತಾರೆ, ಎಲ್ಲೆಲ್ಲಿ ಹಾಕುತ್ತಾರೆ ಅನ್ನುವುದನ್ನು ಮೊದಲೇ ಮೆಸೇಜ್‌ನಲ್ಲಿ ಬರೆಸಿಕೋ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಲ್ಲಿ ಶೂಟ್ ಅಂದರೆ ಅನುಮತಿ ಇದೆಯಾ ಅಂತ ಕೇಳು, ದೊಡ್ಡ ಕ್ಯಾಮೆರಾ ಹೊರಗೆ ತೆಗೆದ ತಕ್ಷಣ ಕಾವಲಿನವರು ಬಂದು ನಿಲ್ಲುತ್ತಾರೆ.

ಈಗ ಆಡಿಷನ್. ಇತ್ತೀಚೆಗೆ ಮೊದಲ ಸುತ್ತು ಜಾಸ್ತಿ ವಿಡಿಯೋದಲ್ಲೇ ನಡೆಯುತ್ತದೆ. ಅವರೇ ಒಂದು ಸೀನ್ ಕಳಿಸಿಕೊಟ್ಟು, "ಸಂಜೆಯೊಳಗೆ ಮಾಡಿ ಕಳಿಸಿ" ಅನ್ನುತ್ತಾರೆ. ಫೋನ್ ಅಡ್ಡ ಹಿಡಿದು, ನಿನ್ನ ಕಣ್ಣಿನ ಎತ್ತರಕ್ಕೆ ಯಾವುದಾದರೂ ಕಪಾಟಿನ ಮೇಲೆ ಇಡು. ಹಿಂದೆ ಖಾಲಿ ಗೋಡೆ, ಎದುರಿಗೆ ಕಿಟಕಿ. ಫ್ಯಾನ್ ಆರಿಸು, ಅದರ ಸದ್ದು ಮಾತನ್ನೇ ನುಂಗುತ್ತದೆ. ಮೊದಲು ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳನ್ನು ಹೇಳಿ ಎರಡೂ ಪಕ್ಕ ತಿರುಗಿ ತೋರಿಸು. ಎತ್ತರದಲ್ಲಿ ಒಂದಿಂಚೂ ಸುಳ್ಳು ಬೇಡ. ಎದುರು ಪಾತ್ರದ ಮಾತನ್ನು ಯಾರಾದರೂ ಕ್ಯಾಮೆರಾ ಪಕ್ಕದಲ್ಲೇ ನಿಂತು ಓದಲಿ, ನೀನು ಅವರನ್ನು ನೋಡಿ ಮಾತಾಡು. ಅತ್ತಿಗೆಯನ್ನೇ ಕೇಳು, ಚೆನ್ನಾಗಿ ಓದುತ್ತಾರೆ. ಹಿಂದೆ ಮ್ಯೂಸಿಕ್ ಹಾಕಬೇಡ.

ಆಫೀಸಿಗೆ ಕರೆದಾಗಿನ ಒಂದು ಅನುಭವ ಹೇಳಬೇಕು. ನನ್ನ ಎರಡನೇ ವರ್ಷ. ಮಗ ಅಪ್ಪನ ಹತ್ತಿರ ಬಂದು, ಗದ್ದೆ ಮಾರಿಬಿಟ್ಟೆ ಅಂತ ಹೇಳುವ ಸೀನ್. ಎರಡು ದಿನ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಯಾವ ಮಾತಿಗೆ ದನಿ ಏರಿಸಬೇಕು, ಎಲ್ಲಿ ಕಣ್ಣಲ್ಲಿ ನೀರು ಬರಬೇಕು, ಎಲ್ಲಾ ಲೆಕ್ಕ. ಮಾಡಿ ಮುಗಿಸಿದೆ. ಆಡಿಷನ್ ತಗೊಳ್ಳುತ್ತಿದ್ದವರು "ಚೆನ್ನಾಗಿದೆ, ಇನ್ನೊಂದು ಸಲ ಮಾಡಿ. ಈ ಸಲ ಅಪ್ಪ ಮಲಗಿದ್ದಾರೆ, ಅವರು ಏಳಬಾರದು" ಅಂದರು. ನಾನು ಮತ್ತೆ ಅದೇ ದನಿಯಲ್ಲಿ, ಅದೇ ಜಾಗದಲ್ಲಿ ಅತ್ತೆ. ಆ ದನಿಗೆ ಪಕ್ಕದ ಮನೆಯವರೂ ಎದ್ದು ಬರುತ್ತಿದ್ದರು. ಆಡಿಷನ್ ತಗೊಂಡವರು ಥ್ಯಾಂಕ್ಸ್ ಹೇಳಿದರು, ಅಷ್ಟೇ. ಬಸ್ಸಿನಲ್ಲಿ ಮೆಜೆಸ್ಟಿಕ್‌ವರೆಗೂ ಅದನ್ನೇ ಯೋಚಿಸಿಕೊಂಡು ಬಂದೆ. ನಾನು ಹೇಗೆ ಅಳುತ್ತೇನೆ ಅಂತ ಅವರಿಗೆ ಮೊದಲ ಸಲವೇ ಗೊತ್ತಾಗಿತ್ತು. ಹೇಳಿದ್ದನ್ನು ಕೇಳಿಸಿಕೊಳ್ಳುತ್ತೇನಾ, ಸೆಟ್‌ನಲ್ಲಿ ನಿರ್ದೇಶಕರು ಬದಲಾಯಿಸಿದರೆ ಬದಲಾಗುತ್ತೇನಾ ಅನ್ನುವುದನ್ನು ಎರಡನೇ ಸಲ ನೋಡುತ್ತಿದ್ದರು. ಅವತ್ತಿನಿಂದ ನಾನು ಮಾತುಗಳನ್ನು ನಿದ್ದೆಯಲ್ಲೂ ಹೇಳುವಷ್ಟು ಬಾಯಿಪಾಠ ಮಾಡುತ್ತೇನೆ, ಹೇಗೆ ಹೇಳಬೇಕು ಅನ್ನುವುದನ್ನು ಮಾತ್ರ ಗಟ್ಟಿ ಮಾಡಿಕೊಳ್ಳುವುದಿಲ್ಲ. ಯಾರಿಗೆ ಹೇಳುತ್ತಿದ್ದೇನೆ, ಅವರಿಂದ ನನಗೆ ಏನು ಬೇಕು, ಇಷ್ಟು ತಿಳಿದುಕೊಂಡು ಒಳಗೆ ಹೋಗುತ್ತೇನೆ.

ಮತ್ತೆ, ನಿನ್ನ ಮಾತಿನ ಧಾಟಿಯನ್ನು ಬಿಟ್ಟುಕೊಡಬೇಡ. ಹಿಂದೆ ಕಳಿಸಿದ್ದ ವಿಡಿಯೋದಲ್ಲಿ ನೀನು ಬೆಂಗಳೂರಿನವರ ಹಾಗೆ ಮಾತಾಡಲು ಒದ್ದಾಡಿದ್ದು ಗೊತ್ತಾಯಿತು. ಬೇರೆ ಧಾಟಿಯನ್ನೂ ಕಲಿ, ಆದರೆ ಮಲೆನಾಡಿನದ್ದು ಯಾವಾಗಲೂ ಕೈಯಲ್ಲಿರಲಿ.

ನಿನ್ನ ತಂಗಿಯೂ ಪ್ರಯತ್ನಿಸುತ್ತಾಳೆ ಅಂದೆಯಲ್ಲ, ಖಂಡಿತ ಪ್ರಯತ್ನಿಸಲಿ. ಆಡಿಷನ್ ಹಗಲು ಹೊತ್ತಿನಲ್ಲಿ, ಆಫೀಸಿನಲ್ಲೋ ಸ್ಟುಡಿಯೋದಲ್ಲೋ ಇರಬೇಕು. ಹೋಟೆಲ್ ರೂಮಿಗೆ ಕರೆದರೆ, ಜೊತೆಗೆ ಯಾರೂ ಬರಬೇಡಿ ಅಂದರೆ, ಅವಳು ಎರಡನೇ ಯೋಚನೆ ಇಲ್ಲದೆ ಬಿಟ್ಟು ಬರಲಿ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾನೂನಿದೆ, ಹತ್ತು ಜನರಿಗಿಂತ ಕಡಿಮೆ ಇರುವ ಕಡೆಯವರ ವಿರುದ್ಧವೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ಕಾನೂನಿನಡಿ ಹುಡುಗರು ದೂರು ಕೊಡಲು ಬರುವುದಿಲ್ಲ, ಆದರೆ ಹುಡುಗರನ್ನೂ ಹೀಗೆ ಕರೆಯುವವರಿದ್ದಾರೆ, ನೀನೂ ಹುಷಾರಾಗಿರು.

ದುಡ್ಡಿನ ಲೆಕ್ಕ ಬರವಣಿಗೆಯಲ್ಲಿರಲಿ. ಜಾಹೀರಾತಾದರೆ ನಿನ್ನ ಮುಖವನ್ನು ಎಷ್ಟು ತಿಂಗಳು, ಟಿವಿಯಲ್ಲೋ ಹೋರ್ಡಿಂಗ್‌ನಲ್ಲೋ ಬಳಸುತ್ತಾರೆ ಅಂತ ಕೇಳು. ಪಾನ್ ಕಾರ್ಡ್ ಕೊಡಬೇಕಾಗುತ್ತದೆ, ಟಿಡಿಎಸ್, ಅಂದರೆ ಪೇಮೆಂಟ್‌ನಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದುಕೊಂಡಿದ್ದರೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ನನಗೆ ಪೇಮೆಂಟ್ ಎರಡು ಮೂರು ತಿಂಗಳು ತಡವಾಗಿ ಬಂದಿದ್ದೇ ಜಾಸ್ತಿ. ಅದಕ್ಕೇ ಕೈಯಲ್ಲಿ ಆರು ತಿಂಗಳ ಖರ್ಚು ಇಲ್ಲದೆ ಊರು ಬಿಡಬೇಡ.

ಇನ್ನೊಂದು ಯೋಚನೆ. ಆ 25 ಸಾವಿರ ನಿನ್ನ ಹತ್ತಿರ ನಿಜವಾಗಲೂ ಇದ್ದರೆ, ಕಲಿಯುವುದಕ್ಕೆ ಬಳಸಬಹುದಲ್ವಾ? ಹೆಗ್ಗೋಡು ನಿನಗೆಷ್ಟು ದೂರ? ಕೆ.ವಿ. ಸುಬ್ಬಣ್ಣನವರು 1949ರಲ್ಲಿ ಅಲ್ಲಿ ಕಟ್ಟಿದ ನೀನಾಸಂ ಅನ್ನುವ ನಾಟಕ ಸಂಸ್ಥೆ ನಿಮ್ಮ ಜಿಲ್ಲೆಯಲ್ಲೇ ಇದೆ, ಅಲ್ಲಿನ ರಂಗಶಿಕ್ಷಣ ಕೇಂದ್ರಕ್ಕೆ ರಾಜ್ಯದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಬರುತ್ತಾರೆ. ಸಿನಿಮಾ ನಟ ಅಚ್ಯುತ್ ಕುಮಾರ್ ಕಲಿತದ್ದು ಅಲ್ಲೇ. ಇನ್ನೊಬ್ಬ ನಟ ಸತೀಶ್ ನೀನಾಸಂ ಅಂತೂ ಆ ಹೆಸರನ್ನೇ ಜೊತೆಗೆ ಇಟ್ಟುಕೊಂಡಿದ್ದಾರೆ. ಅದು ಆಗದಿದ್ದರೆ ಇಲ್ಲಿಗೇ ಬಾ. ಜೆ.ಪಿ. ನಗರದ ರಂಗಶಂಕರದಲ್ಲಿ ವಾರವಿಡೀ ನಾಟಕ ನೋಡೋಣ. ಯಾವುದಾದರೂ ತಂಡದಲ್ಲಿ ಪರದೆ ಎಳೆಯುವ ಕೆಲಸ ಸಿಕ್ಕಿದರೂ ಸೇರಿಕೋ. ನನ್ನ ರೂಮಿನಲ್ಲಿ ಇನ್ನೊಂದು ಚಾಪೆಗೆ ಜಾಗ ಇದೆ. ಮೊದಲ ತಿಂಗಳ ಬಾಡಿಗೆ ಕೇಳುವುದಿಲ್ಲ.

ನಾಳೆ ಬೆಳಿಗ್ಗೆ ಜಗುಲಿಯಲ್ಲಿ ಆ ಆರು ಫೋಟೋ ತೆಗೆಸಿ ಕಳಿಸು. ಹಾಗೇ ಗದ್ದೆ ಮಾರಿದ ಮಗನ ಸೀನ್ ಎರಡು ಸಲ ಮಾಡಿ ವಿಡಿಯೋ ಕಳಿಸು, ಎರಡನೆಯದರಲ್ಲಿ ಅಪ್ಪಯ್ಯ ಮಲಗಿರಲಿ. ರಾತ್ರಿ ಶೂಟಿಂಗ್ ಮುಗಿಸಿ ಬಂದು ನೋಡಿ ಫೋನ್ ಮಾಡುತ್ತೇನೆ.

ನಿನ್ನ ಗೆಳೆಯ