ಗಾಳಿ ಎದ್ದಿತಾ?

ಹೋದ ಭಾನುವಾರ ರಾತ್ರಿ ‘ವೀಲ್ ಆಫ್ ಟೈಮ್’ ಎಂಬ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಮಾಲೆಯ ಹದಿನಾಲ್ಕನೇ, ಅಂದರೆ ಕೊನೆಯ ಸಂಪುಟ ಓದಿ ಮುಗಿಸಿದೆ. ಅದೇ ವಾರ ಅಮ್ಮನ ಕಿಡ್ನಿ ಕಸಿ ಆಗಿ ಮೂರು ತಿಂಗಳು ತುಂಬಿತು. ನನ್ನ ಪಾಲಿಗೆ ಎರಡೂ ಒಂದೇ ಸುದ್ದಿ. ಅದಕ್ಕೇ ಋಣ ಇರುವವರಿಗೆಲ್ಲ ಇಲ್ಲಿ ಒಟ್ಟಿಗೇ ಕೈಮುಗಿಯುತ್ತಿದ್ದೇನೆ.

ಎರಡೂವರೆ ವರ್ಷ ಸೋಮವಾರ, ಗುರುವಾರ ಅಂದರೆ ಡಯಾಲಿಸಿಸ್. ನಂಜನಗೂಡಿಂದ ಮೈಸೂರಿಗೆ ಬೆಳಗಿನ ಬಸ್ಸು, ಆಮೇಲೆ ನಾಲ್ಕು ಗಂಟೆ ಮಶಿನ್ ಪಕ್ಕ. ಸೂಜಿ ಚುಚ್ಚೋಕೆ ಅನುಕೂಲವಾಗಲಿ ಅಂತ ಅಮ್ಮನ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಮಾಡಿದ್ದರು. ಅದರ ಮೇಲೆ ಬೆರಳಿಟ್ಟರೆ ಚರ್ಮದ ಕೆಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತಿತ್ತು. ಎರಡು ದಪ್ಪ ಸೂಜಿ ಚುಚ್ಚುವಾಗ ಅವಳು ಆ ಕಡೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಏನಾದರೂ ಮಾತಾಡು ಅಂತ ಅದರ ಅರ್ಥ. ನನಗೋ ಎರಡೇ ವಾರದಲ್ಲಿ ಮಾತು ಖಾಲಿ.

ಆಗ ನನ್ನ ಆಫೀಸಿನ ಗೆಳೆಯ ಒಬ್ಬ ಮೊದಲ ಸಂಪುಟ ಕೈಗಿಟ್ಟ. ‘ಕಾಯೋ ಜಾಗದಲ್ಲಿ ದಪ್ಪ ಪುಸ್ತಕ ಇರಬೇಕು ಕಣೋ’ ಅಂದಿದ್ದ. ಮಾರಾಯಾ, ಆ ಒಂದು ಮಾತಿಗೆ ನಿನಗೆ ಏನು ಕೊಟ್ಟರೂ ಕಡಿಮೆಯೇ. ಮುಂದಿನ ಸಂಪುಟ ಬಂದಾಗಲೆಲ್ಲ ಬೇರೆಯವರಿಗೆ ಮಾರದೆ ಗಲ್ಲಾಪೆಟ್ಟಿಗೆ ಹಿಂದೆ ಎತ್ತಿಟ್ಟು ಫೋನ್ ಮಾಡುತ್ತಿದ್ದ ಹಳೇ ಪುಸ್ತಕದಂಗಡಿಯ ಅಣ್ಣನಿಗೂ ನಮಸ್ಕಾರ.

ನಾನು ಓದುತ್ತಾ ಕೂತಿದ್ದರೆ ಅಮ್ಮ ಕೇಳಿದಳು, ‘ಅದರಲ್ಲಿ ಏನಿದೆ?’ ಕುರಿ ಕಾಯೋ ಹುಡುಗ, ಅವನ ಊರು, ಒಂದು ರಾತ್ರಿ ಊರಿಗೆ ನುಗ್ಗುವ ರಾಕ್ಷಸರು ಅಂತ ಶುರುಮಾಡಿದೆ. ಮನೆಯಲ್ಲಿ ಓದುವುದು, ಮಶಿನ್ ಪಕ್ಕ ಕೂತು ಕನ್ನಡದಲ್ಲಿ ಹೇಳುವುದು, ಅಲ್ಲಿಂದ ಇದೇ ಕ್ರಮ. ಕಾಲ ಚಕ್ರದ ಹಾಗೆ ತಿರುಗುತ್ತದೆ, ಯುಗಗಳು ಹೋಗಿ ಮತ್ತೆ ಬರುತ್ತವೆ, ಸತ್ತವರು ಮತ್ತೆ ಹುಟ್ಟುತ್ತಾರೆ ಅಂತ ವಿವರಿಸಲು ಹೋದರೆ, ‘ಅದು ಗೊತ್ತಿದೆ, ಮುಂದೆ ಹೇಳು’ ಅಂದಳು. ಈ ಮಾಲೆಯ ಪ್ರತಿ ಸಂಪುಟದ ಮೊದಲ ಅಧ್ಯಾಯ ಎಲ್ಲೋ ಒಂದು ಕಡೆ ಗಾಳಿ ಏಳುವುದರಿಂದ ಶುರುವಾಗುತ್ತದೆ. ಹೊಸ ಪುಸ್ತಕ ಚೀಲದಿಂದ ತೆಗೆದ ದಿನ ಅಮ್ಮನ ಮೊದಲ ಪ್ರಶ್ನೆ ‘ಗಾಳಿ ಎದ್ದಿತಾ?’

ಅವಳಿಗೆ ಅಚ್ಚುಮೆಚ್ಚು ನೈನೀವ್. ಹಳ್ಳಿಯಲ್ಲಿ ಮದ್ದು ಕೊಡುವ ಹೆಣ್ಣುಮಗಳು, ಸಿಟ್ಟು ಬಂದರೆ ತನ್ನ ಜಡೆ ತಾನೇ ಎಳೆದುಕೊಳ್ಳುವವಳು. ಈ ಮಾಲೆಯ ಹೆಂಗಸರು ಸುಮ್ಮಸುಮ್ಮನೆ ಜಗಳ ಆಡುತ್ತಾರೆ ಅಂತ ಬಹಳ ಜನ ಗೊಣಗುವುದುಂಟು. ನೈನೀವ್ ಮಟ್ಟಿಗೆ ನಾನು ಒಪ್ಪುವುದಿಲ್ಲ. ಅವಳ ಸಿಟ್ಟೆಲ್ಲ ಇರುವುದು ‘ಇದು ವಾಸಿ ಆಗಲ್ಲ’ ಅನ್ನೋ ಮಾತಿನ ಮೇಲೆ. 1994ರಲ್ಲಿ ಬಂದ ಆರನೇ ಸಂಪುಟದಲ್ಲಿ, ಮಂತ್ರಶಕ್ತಿ ಕತ್ತರಿಸಿಹೋದ ಒಬ್ಬನನ್ನು ಅವಳು ಗುಣ ಮಾಡುತ್ತಾಳೆ. ಆ ಗಾಯಕ್ಕೆ ಮದ್ದೇ ಇಲ್ಲ ಅಂತ ಎಲ್ಲರೂ ಕೈಬಿಟ್ಟಿರುತ್ತಾರೆ. ಇವಳು ಮಾತ್ರ, ಎರಡು ತುದಿ ಇದ್ದ ಮೇಲೆ ಸೇರಿಸೋಕೆ ಯಾಕಾಗಲ್ಲ ಅಂತ ಹಟ ಹಿಡಿಯುತ್ತಾಳೆ. ಅವತ್ತು ಮಶಿನ್ ಮುಗಿದು, ಸೂಜಿ ತೆಗೆದ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿದು ಕೂತಿದ್ದಾಗ ಅಮ್ಮ ಮೊದಲ ಸಲ ಡಾಕ್ಟರ ಹತ್ತಿರ ಕಸಿಯ ವಿಚಾರ ತಾನೇ ತೆಗೆದಳು. ಅಲ್ಲಿಯವರೆಗೂ ನಾವು ಹೇಳಿದರೆ, ‘ನನಗೋಸ್ಕರ ಇನ್ನೊಬ್ಬರ ಹೊಟ್ಟೆ ಕೊಯ್ಯಿಸಬೇಡಿ’ ಅಂತ ಬಾಯಿ ಮುಚ್ಚಿಸುತ್ತಿದ್ದಳು.

ಚಿಕ್ಕಮ್ಮಾ, ನಿನಗೆ ಧನ್ಯವಾದ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ನೀನು ಕಿಡ್ನಿ ಕೊಡ್ತೀನಿ ಅಂದ ದಿನ ಅಡಿಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೀತಾ ಇದ್ದೆ. ಹೇಳಿ ಮುಗಿಸಿ ಮತ್ತೆ ನಾರು ತೆಗೆಯೋಕೆ ಕೂತೆ.

ಆಮೇಲೆ ತಿಂಗಳುಗಟ್ಟಲೆ ಪರೀಕ್ಷೆ, ಇಬ್ಬರ ರಕ್ತ ಹೊಂದುತ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್, ಕಾಗದಪತ್ರ. ಆ ಹೊತ್ತಿಗೆ ನಾವು ಹತ್ತನೇ ಸಂಪುಟದಲ್ಲಿದ್ದೆವು. ಕಥೆ ಅಲ್ಲಾಡುವುದೇ ಇಲ್ಲ ಅಂತ ಓದುಗರು ಬೈಯುವ ಸಂಪುಟ ಅದು, ಬೈಗುಳ ನಿಜವೂ ಹೌದು. ‘ಇವತ್ತೂ ಏನೂ ಆಗಲಿಲ್ವಾ?’ ಅನ್ನುತ್ತಿದ್ದಳು ಅಮ್ಮ. ನಮ್ಮ ಕಡೆಯೂ ಏನೂ ಆಗುತ್ತಿರಲಿಲ್ಲ. ಆದರೂ ಒಂದು ಅಧ್ಯಾಯ ಬಿಡದೆ ಹೇಳಿದೆ.

ಬರೆದವರ ಋಣ ಇನ್ನೊಂದು ಬಗೆಯದು. ರಾಬರ್ಟ್ ಜೋರ್ಡನ್ 1990ರಲ್ಲಿ ಮೊದಲ ಸಂಪುಟ ತಂದವರು. ಹೃದಯಕ್ಕೆ ಬಂದ ಅಪರೂಪದ ಕಾಯಿಲೆಯಿಂದ 2007ರಲ್ಲಿ, 58ನೇ ವಯಸ್ಸಿಗೆ ತೀರಿಕೊಂಡಾಗ ಕಥೆ ಇನ್ನೂ ಮುಗಿದಿರಲಿಲ್ಲ. ಇದು ಮುಗಿಯಲೇಬೇಕು ಅಂತ ಕೊನೆಯ ದಿನಗಳಲ್ಲಿ ಮನೆಯವರನ್ನು ಕೂರಿಸಿಕೊಂಡು ಮುಂದಿನ ಕಥೆ ಹೇಳಿದರು. ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ಈ ಪುಸ್ತಕಗಳ ಸಂಪಾದಕಿ. ಗಂಡ ಹೋದ ದುಃಖದಲ್ಲೇ ಅವರು ಬ್ರಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕರನ್ನು ಹುಡುಕಿ ಕೆಲಸ ಒಪ್ಪಿಸಿದರು. ಹುಡುಗನಾಗಿದ್ದಾಗಿನಿಂದ ಈ ಕಥೆಯನ್ನೇ ಓದಿಕೊಂಡು ಬೆಳೆದವರು ಅವರು. 2009ರಿಂದ 2013ರೊಳಗೆ ಮೂರು ಸಂಪುಟ ಬಂದವು. ಕೊನೆಯ ದೃಶ್ಯವನ್ನು ಮಾತ್ರ ಜೋರ್ಡನ್ ಮೊದಲೇ ಬರೆದಿಟ್ಟಿದ್ದರು. ಹಾಸಿಗೆ ಹಿಡಿದವರ ಪಕ್ಕ ಕೂತು ಕಥೆ ಕೇಳುವುದು, ಹೇಳುವುದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಈಗ ಗೊತ್ತು. ಹ್ಯಾರಿಯೆಟ್ ಅಮ್ಮ, ನಿಮಗೆ ನಂಜನಗೂಡಿನಿಂದ ನಮಸ್ಕಾರ.

ಆಪರೇಷನ್ ಆದಮೇಲೆ ಸೋಂಕು ತಗುಲಬಾರದು ಅಂತ ಅಮ್ಮನನ್ನು ಬೇರೆ ಕೋಣೆಯಲ್ಲಿಟ್ಟರು. ಕೊನೆಯ ಯುದ್ಧದ ಅಧ್ಯಾಯ, ಅದೊಂದೇ ಇನ್ನೂರು ಪುಟದ ಹತ್ತಿರ, ಅದನ್ನು ಗಾಜಿನ ಈಚೆ ನಿಂತು ಫೋನಿನಲ್ಲಿ ಹೇಳಿದೆ. ಯಾರಾದರೂ ಸತ್ತಾಗ ಅವಳು ಮಾಸ್ಕಿನ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು. ಈಗ ಮನೆಯಲ್ಲಿದ್ದಾಳೆ. ಮೊದಲು ದಿನವಿಡೀ ಅಳೆದು ಅಳೆದು ಅರ್ಧರ್ಧ ಲೋಟ ನೀರು. ಈಗ ಚೆನ್ನಾಗಿ ಕುಡೀಬೇಕು ಅಂದಿದ್ದಾರೆ. ತುಂಬಿದ ಲೋಟ ಎತ್ತಿ ಗಟಗಟ ಕುಡಿಯುವ ಸದ್ದಿಗೇ ನಾನು ಕೆಲಸ ಬಿಟ್ಟು ನಿಲ್ಲುತ್ತೇನೆ.

ಇನ್ನೊಬ್ಬರಿದ್ದಾರೆ. ಪಕ್ಕದ ಮಶಿನ್‌ನ ಮೇಷ್ಟ್ರು. ಮೊದಮೊದಲು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿರುತ್ತಿದ್ದರು. ಮೂರನೇ ಸಂಪುಟದಲ್ಲಿ ಒಂದು ಹೆಸರು ತಪ್ಪಿ ಹೇಳಿದಾಗ ಕಣ್ಣು ಬಿಡದೆಯೇ ತಿದ್ದಿದರು! ಹನ್ನೆರಡನೆಯದರ ಕೊನೆಗೆ ಆ ಕುರಿ ಕಾಯೋ ಹುಡುಗ ರ‍್ಯಾಂಡ್ ಬೆಟ್ಟದ ತುದಿಯಲ್ಲಿ ನಿಂತು, ಯಾಕೆ ಮತ್ತೆ ಮತ್ತೆ ಹುಟ್ಟಬೇಕು ಅಂತ ಕೂಗುವ ಜಾಗ ಹೇಳಿದಾಗ, ‘ಅರ್ಜುನನ ರಥದಲ್ಲಿ ಕೃಷ್ಣ ಇದ್ದ. ಪಾಪ, ಈ ಹುಡುಗನ ಹತ್ತಿರ ಯಾರೂ ಇಲ್ಲವಲ್ಲಮ್ಮ’ ಅಂದರು. ಅಮ್ಮ ‘ಇದೀವಲ್ಲ ಮೇಷ್ಟ್ರೇ, ನಾವು ಕೇಳ್ತಾ’ ಅಂದಳು. ಮಾರನೇ ವಾರವೇ ಅವಳ ಅಡ್ಮಿಷನ್ ಆಯಿತು. ಆಮೇಲೆ ನಾವು ಆ ಕಡೆ ಹೋಗಲೇ ಇಲ್ಲ. ಮನೆಗೆ ಬಂದಾಗಿನಿಂದ ಅವಳದು ಒಂದೇ ಕೊರಗು, ಮೇಷ್ಟ್ರಿಗೆ ಕಥೆ ಅರ್ಧಕ್ಕೇ ನಿಂತಿತಲ್ಲ ಅಂತ. ಸಿಸ್ಟರ್‌ಗೆ ಫೋನ್ ಮಾಡಿ ಕೇಳಿದೆ, ಅವರು ಈಗಲೂ ಅದೇ ದಿನ, ಅದೇ ಹೊತ್ತಿಗೆ ಬರುತ್ತಾರಂತೆ.

ಮೇಷ್ಟ್ರೇ, ಗುರುವಾರ ಬರ್ತೀನಿ. ಎರಡು ಸಂಪುಟ ಬಾಕಿ ಇದೆ.